ಬೆಳಿಗ್ಗೆ ಒಳಗೆ, ಮಧ್ಯಾಹ್ನ ಮತ್ತೆ ಒಳಗೆ: ಇಂಗ್ಲೆಂಡಿನಲ್ಲಿ ಪಾರ್ಕಿಂಗ್ ಚಾರ್ಜ್ ವಿರುದ್ಧ ನಾನು ಹೋರಾಡಿದ್ದು

ನಾವಿರುವುದು ರೆಡಿಂಗ್‌ನಲ್ಲಿ. ಒಂದು ಶನಿವಾರ ನಮ್ಮ ಕಾರು ಊರಾಚೆಯ, ದೊಡ್ಡ ಅಂಗಡಿಗಳೆಲ್ಲ ಇರುವ ರಿಟೇಲ್ ಪಾರ್ಕ್‌ಗೆ ಎರಡು ಸಲ ಹೋಗಿತ್ತು. ಬೆಳಿಗ್ಗೆ 11:05ಕ್ಕೆ ಮಗಳ ಶೂ ತರಲು ಹೋಗಿ 11:40ಕ್ಕೆ ಹೊರಟಿತು. ಮನೆಯಲ್ಲಿ ಹಾಕಿ ನೋಡಿದರೆ ಶೂ ಬಿಗಿ. ಮಗಳ ಈಜು ಕ್ಲಾಸ್ ಮುಗಿದ ಮೇಲೆ ಬದಲಾಯಿಸಲು 3:25ಕ್ಕೆ ಮತ್ತೆ ಹೋಗಿ 4:10ಕ್ಕೆ ಹೊರಬಂತು.

ಎಂಟನೇ ದಿನ ಅಲ್ಲಿನ ಪಾರ್ಕಿಂಗ್ ನೋಡಿಕೊಳ್ಳುವ ಖಾಸಗಿ ಕಂಪನಿಯಿಂದ ಕಾಗದ ಬಂತು. 5 ಗಂಟೆ 5 ನಿಮಿಷ ನಿಲ್ಲಿಸಿದ್ದೀರಿ, ಮಿತಿ 3 ಗಂಟೆ, 100 ಪೌಂಡ್ ಕಟ್ಟಿ, 14 ದಿನದೊಳಗೆ ಕಟ್ಟಿದರೆ 60 ಸಾಕು ಅಂತ. ಕೆಳಗೆ ಎರಡು ಕಪ್ಪು ಫೋಟೋ. ಕತ್ತಲೆಯಲ್ಲಿ ನಂಬರ್ ಪ್ಲೇಟ್ ಮಾತ್ರ ಹೊಳೆಯುತ್ತಿತ್ತು. ಒಂದರಲ್ಲಿ ಕಾರಿನ ಮುಂಭಾಗ, ಇನ್ನೊಂದರಲ್ಲಿ ಹಿಂಭಾಗ. ಓದುವಾಗ ಕೈ ನಡುಗಿತು. ವೀಸಾಗೆ ತೊಂದರೆ ಆಗಿಬಿಡುತ್ತಾ ಅನ್ನುವುದೇ ಮೊದಲು ಬಂದ ಯೋಚನೆ. ಇಲ್ಲಿಗೆ ಬಂದ ನಮ್ಮವರು ಸುಮ್ನೆ 60 ಕಟ್ಟಿ ಕೈ ತೊಳೆದುಕೊಳ್ಳುವುದು ಈ ಭಯದಿಂದಲೇ.

ಆ ಭಯ ಹೋಗಬೇಕಾದರೆ ಮೊದಲು ಕಾಗದದ ತಲೆಬರಹ ನೋಡಬೇಕು. ಕೌನ್ಸಿಲ್ (ಸ್ಥಳೀಯ ಆಡಳಿತ) ಕೊಡುವುದು 'ಪೆನಾಲ್ಟಿ ಚಾರ್ಜ್ ನೋಟೀಸ್', ಅದು ಕಾನೂನಿನ ದಂಡ. ಖಾಸಗಿ ಕಂಪನಿ ಕೊಡುವುದು 'ಪಾರ್ಕಿಂಗ್ ಚಾರ್ಜ್ ನೋಟೀಸ್'. ಎರಡಕ್ಕೂ ಪಿಸಿಎನ್ ಅಂತಲೇ ಹೆಸರು. ಆದರೆ ಎರಡನೆಯದು ದಂಡವೇ ಅಲ್ಲ. ಬೋರ್ಡ್‌ನಲ್ಲಿದ್ದ ಷರತ್ತು ಮುರಿದಿದ್ದೀರಿ, ಅದಕ್ಕೆ ದುಡ್ಡು ಕೊಡಿ ಅಂತ ಕಂಪನಿ ಕಳಿಸುವ ಬೇಡಿಕೆ ಅಷ್ಟೇ. ಕಾರಿನ ಮಾಲೀಕರ ವಿಳಾಸವನ್ನು ಅವರು ವಾಹನ ನೋಂದಣಿ ಮಾಡುವ ಸರ್ಕಾರಿ ಸಂಸ್ಥೆ ಡಿವಿಎಲ್‌ಎಗೆ 2.50 ಪೌಂಡ್ ಕೊಟ್ಟು ಪಡೆಯುತ್ತಾರೆ.

ಹಾಗಂತ ಕಸದ ಬುಟ್ಟಿಗೆ ಎಸೆಯಬಾರದು. 2015ರಲ್ಲಿ ಪಾರ್ಕಿಂಗ್‌ಐ ಎಂಬ ಪಾರ್ಕಿಂಗ್ ಕಂಪನಿ ಮತ್ತು ಬೀವಿಸ್ ಎಂಬ ಚಾಲಕರ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕಂಪನಿಯ ಪರವಾಗಿಯೇ ತೀರ್ಪು ಕೊಟ್ಟಿತು. ಚೆಲ್ಮ್ಸ್‌ಫರ್ಡ್‌ನಲ್ಲಿ ಎರಡು ಗಂಟೆಯ ಜಾಗದಲ್ಲಿ 56 ನಿಮಿಷ ಜಾಸ್ತಿ ನಿಲ್ಲಿಸಿದ್ದಕ್ಕೆ 85 ಪೌಂಡ್ ಕೇಳಿದ್ದು ಸರಿ ಅಂತ. ಅಂದರೆ ಸ್ಪಷ್ಟವಾದ ಬೋರ್ಡ್ ಇದ್ದು, ನಿಜವಾಗಿ ಹೊತ್ತು ಮೀರಿದ್ದರೆ ಗೆಲ್ಲುವುದು ಕಷ್ಟ. ಗೆಳೆಯರೊಬ್ಬರು ಹೀಗೆ ಒಂದೂವರೆ ಗಂಟೆ ಮೀರಿದ್ದರು. 60 ಇರುವಾಗಲೇ ಕಟ್ಟಿ ಎಂದು ನಾನೇ ಹೇಳಿದೆ.

ನಮ್ಮದು ಹಾಗಲ್ಲ. ನಡುವಿನ ಹೊತ್ತಿನಲ್ಲಿ ಕಾರು ಅಲ್ಲಿ ಇರಲೇ ಇಲ್ಲ. ಕ್ಯಾಮೆರಾ ನಡುವಿನ ನಿರ್ಗಮನ ತಪ್ಪಿಸಿಕೊಂಡು, ಮೊದಲ ಪ್ರವೇಶವನ್ನೂ ಕೊನೆಯ ನಿರ್ಗಮನವನ್ನೂ ಜೋಡಿಸಿಬಿಟ್ಟಿತ್ತು. ಹಿಂದೆ ವ್ಯಾನ್ ಅಂಟಿಕೊಂಡು ಬಂದರೆ, ಪ್ಲೇಟ್ ಮೇಲೆ ಕೆಸರಿದ್ದರೆ ಹೀಗಾಗುತ್ತದೆ. ಇದಕ್ಕೆ ಇಲ್ಲಿಯವರು 'ಡಬಲ್ ಡಿಪ್' ಎನ್ನುತ್ತಾರೆ.

ಮೊದಲು ದಿನ ಎಣಿಸಿದೆ. 2012ರ ಪ್ರೊಟೆಕ್ಷನ್ ಆಫ್ ಫ್ರೀಡಮ್ಸ್ ಕಾಯ್ದೆಯ 4ನೇ ಶೆಡ್ಯೂಲ್ ಪ್ರಕಾರ, ಗಾಜಿನ ಮೇಲೆ ಚೀಟಿ ಅಂಟಿಸದೆ ಕ್ಯಾಮೆರಾ ನಂಬಿ ಕಳಿಸುವ ನೋಟೀಸ್ 14 ದಿನದೊಳಗೆ ಮಾಲೀಕರ ಕೈ ಸೇರಬೇಕು. ಎಣಿಕೆ ಶುರುವಾಗುವುದು ಪಾರ್ಕ್ ಮಾಡಿದ ಮರುದಿನದಿಂದ. ತಡವಾದರೆ, ಓಡಿಸಿದವರು ಯಾರೆಂದು ಗೊತ್ತಿಲ್ಲದೆ ಮಾಲೀಕರ ಮೇಲೆ ಹೊರೆ ಹಾಕುವಂತಿಲ್ಲ. ನಮ್ಮದು ಎಂಟೇ ದಿನದಲ್ಲಿ ಬಂದಿದ್ದರಿಂದ ಆ ದಾರಿ ಮುಚ್ಚಿತ್ತು. ಆಮೇಲೆ ಸ್ಲೌ ಊರಿನ ಒಂದು ಕುಟುಂಬಕ್ಕೆ 19ನೇ ದಿನ ಬಂದ ಕಾಗದ ಇದೊಂದೇ ಅಂಶದ ಮೇಲೆ ಬಿದ್ದುಹೋಯಿತು.

ಆದರೂ ಕಂಪನಿಗೆ ಕಳಿಸಿದ ಮೇಲ್ಮನವಿ ಪತ್ರದಲ್ಲಿ ಯಾರು ಓಡಿಸಿದರು ಎಂದು ನಾನು ಬರೆಯಲಿಲ್ಲ. ಹೇಳಬೇಕೆಂಬ ಕಟ್ಟುಪಾಡು ಮಾಲೀಕರಿಗೆ ಇಲ್ಲ. ಇದು ಸುಳ್ಳಲ್ಲ, ಕಾನೂನೇ ಕೊಟ್ಟ ಜಾಗ. ಕರಡನ್ನು ಮೊದಲು ಕನ್ನಡದಲ್ಲಿ ಬರೆದುಕೊಂಡಿದ್ದೆ. ನಮ್ಮ ಭಾಷೆಯಲ್ಲಿ 'ನಾನು' ಬಿಟ್ಟರೂ 'ಬಂದೆ', 'ಹೋದೆ' ಎಂದ ಕೂಡಲೇ ಯಾರೆಂದು ಗೊತ್ತಾಗಿಬಿಡುತ್ತದೆ ಅಲ್ವಾ? ಆದ್ದರಿಂದ ಪ್ರತಿ ಸಾಲನ್ನೂ 'ಕಾರು ಬಂತು', 'ಕಾರು ಹೋಯಿತು' ಎಂದು ತಿದ್ದಿ, ಆಮೇಲೆ ಇಂಗ್ಲಿಷಿಗೆ ಹಾಕಿದೆ.

ಮುಂದಿನದು ಸಾಕ್ಷಿ. ಶೂ ಅಂಗಡಿಯ ಎರಡು ರಸೀದಿ ಇದ್ದವು, 11:28ರದ್ದು ಮತ್ತು 3:52ರದ್ದು. ಇವು ಸಾಕು ಎಂದುಕೊಂಡಿದ್ದೆ. ನನ್ನ ಹೆಂಡತಿ ತಡೆದಳು. "ಇಡೀ ದಿನ ಅಲ್ಲೇ ಇದ್ದವರ ಹತ್ತಿರವೂ ಈ ಎರಡು ರಸೀದಿ ಇರಬಹುದಲ್ಲ?" ಎಂದಳು. ನಿಜ. ತೋರಿಸಬೇಕಾದದ್ದು ನಡುವಿನ ಹೊತ್ತನ್ನು. ಕಾರಿನ ಬಾಗಿಲ ಖಾನೆ ತಡಕಾಡಿದಾಗ ಒಂದು ಮುದುಡಿದ ಚೀಟಿ ಸಿಕ್ಕಿತು. ನಾಲ್ಕು ಮೈಲಿ ದೂರದ ಬಂಕ್, 12:10, ಪಂಪ್ 6, 38 ಲೀಟರ್. ಈಜುಕೊಳಕ್ಕೆ ಬಸ್ಸಿನಲ್ಲಿ ಹೋಗಿದ್ದೀರಿ ಎಂದು ಯಾರಾದರೂ ವಾದಿಸಬಹುದು. 38 ಲೀಟರ್ ಪೆಟ್ರೋಲ್ ಹಾಕಲು ಕಾರು ಇರಲೇಬೇಕು.

ಮೇಲ್ಮನವಿ ಕಳಿಸಿದ ದಿನವೇ ಕಂಪನಿಗೆ ಇನ್ನೊಂದು ಇಮೇಲ್ ಕಳಿಸಿದೆ. ನಾನು ಮಾಡಿದ್ದರಲ್ಲಿ ಅತಿ ಮುಖ್ಯವಾದದ್ದು ಇದೇ. ಡೇಟಾ ರಕ್ಷಣೆ ಕಾನೂನಿನಡಿ ನಮ್ಮ ಮಾಹಿತಿ ಕೇಳುವ 'ಸಬ್ಜೆಕ್ಟ್ ಆಕ್ಸೆಸ್ ರಿಕ್ವೆಸ್ಟ್'. ಆ ದಿನ ನನ್ನ ಕಾರಿನ ಬಗ್ಗೆ ಎಲ್ಲಾ ಕ್ಯಾಮೆರಾಗಳಲ್ಲಿ ದಾಖಲಾದದ್ದನ್ನು, ನೋಟೀಸ್‌ನಲ್ಲಿ ಬಳಸದ ಚಿತ್ರಗಳನ್ನೂ ಸೇರಿಸಿ ಕೊಡಿ ಎಂದು ಕೇಳಿದೆ. ಇದು ಉಚಿತ. ಸಾಮಾನ್ಯವಾಗಿ ಒಂದು ತಿಂಗಳೊಳಗೆ ಉತ್ತರ ಕೊಡಬೇಕು.

ಮೇಲ್ಮನವಿಯನ್ನು ಕಂಪನಿ ತಿರಸ್ಕರಿಸಿತು. ಪೆಟ್ರೋಲ್ ರಸೀದಿಯ ಬಗ್ಗೆ ಒಂದು ಮಾತೂ ಇರಲಿಲ್ಲ. ಯಾರೂ ಓದದೆ ಕಳಿಸಿದ ಉತ್ತರ ಎಂದು ಬೇಜಾರಾಯಿತು. ಆದರೆ ಕೊನೆಯಲ್ಲಿ ಹತ್ತು ಅಂಕಿಯ ಪೋಪ್ಲಾ ಕೋಡ್ ಇತ್ತು. ಪೋಪ್ಲಾ ಸ್ವತಂತ್ರ ಮೇಲ್ಮನವಿ ಸಂಸ್ಥೆ. ಪಾರ್ಕಿಂಗ್ ಕಂಪನಿಗಳಿಗೆ ಎರಡು ಸಂಘಗಳಿವೆ: ಕಂಪನಿ ಬಿಪಿಎ (ಬ್ರಿಟಿಷ್ ಪಾರ್ಕಿಂಗ್ ಅಸೋಸಿಯೇಷನ್) ಸದಸ್ಯನಾಗಿದ್ದರೆ ಪೋಪ್ಲಾ, ಐಪಿಸಿ (ಇಂಟರ್‌ನ್ಯಾಷನಲ್ ಪಾರ್ಕಿಂಗ್ ಕಮ್ಯುನಿಟಿ) ಸದಸ್ಯನಾಗಿದ್ದರೆ ಐಎಎಸ್ (ಇಂಡಿಪೆಂಡೆಂಟ್ ಅಪೀಲ್ಸ್ ಸರ್ವಿಸ್). ಪೋಪ್ಲಾಗೆ ಹೋಗಲು 28 ದಿನ, ನಮಗೆ ಖರ್ಚಿಲ್ಲ. ಅಲ್ಲಿ ಸೋತರೆ ಸಾಮಾನ್ಯವಾಗಿ 60ರ ರಿಯಾಯಿತಿ ಹೋಗಿ ಪೂರ್ತಿ 100 ಆಗುತ್ತದೆ. ಗೆದ್ದರೆ ಕಂಪನಿ ಒಪ್ಪಲೇಬೇಕು.

ಅಷ್ಟರಲ್ಲಿ ಡೇಟಾ ಉತ್ತರ ಬಂತು. ಎರಡಲ್ಲ, ಮೂರು ಚಿತ್ರ. ಮೂರನೆಯದು ಮಧ್ಯಾಹ್ನ 3:25ರದ್ದು. ಅದೇ ಪ್ರವೇಶದ್ವಾರ, ನಮ್ಮದೇ ಪ್ಲೇಟ್. 11:05ಕ್ಕೆ ಒಳಗೆ, 3:25ಕ್ಕೆ ಮತ್ತೆ ಒಳಗೆ, 4:10ಕ್ಕೆ ಹೊರಗೆ. ಹೊರಗೆ ಹೋಗದ ಕಾರು ಎರಡನೇ ಸಲ ಒಳಗೆ ಬರುವುದು ಹೇಗೆ? ಅವರ ಕಂಪ್ಯೂಟರಿನಲ್ಲೇ ಉತ್ತರ ಇತ್ತು. ನಮಗೆ ಕಳಿಸಿದ ಕಾಗದದಲ್ಲಿ ಆ ಚಿತ್ರ ಇರಲಿಲ್ಲ. ಆ ರಾತ್ರಿ ನನಗೆ ಬಂದ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ.

ಪೋಪ್ಲಾಗೆ ಬರೆದದ್ದು ಒಂದೇ ಪುಟ. ಮೂರು ಹೊತ್ತು, ಮೂರು ಚಿತ್ರ, ಒಂದು ಪೆಟ್ರೋಲ್ ರಸೀದಿ. ಕಂಪನಿ ವಾದಿಸಲೇ ಇಲ್ಲ. ಪ್ರಕರಣ ಕೈಬಿಟ್ಟಿದ್ದಾರೆ ಎಂದು ಎರಡು ಸಾಲಿನ ಇಮೇಲ್ ಬಂತು.

ಆಮೇಲೆ ನಮ್ಮ ಕನ್ನಡ ಗೆಳೆಯರು ಕಾಗದ ಬಂದ ಕೂಡಲೇ ಫೋಟೋ ತೆಗೆದು ಕಳಿಸುತ್ತಾರೆ. ಗೆದ್ದವರಿದ್ದಾರೆ, ಸೋತವರೂ ಇದ್ದಾರೆ. ಹೆಚ್ಚು ನೋವಾದದ್ದು ಮನೆ ಬದಲಿಸಿದ ಒಬ್ಬರ ವಿಷಯ. ಕಾರಿನ ನೋಂದಣಿ ಪತ್ರವಾದ ಲಾಗ್‌ಬುಕ್‌ನಲ್ಲಿ ಹಳೆಯ ವಿಳಾಸವೇ ಇತ್ತು. ಕೋರ್ಟಿನ ಕ್ಲೇಮ್ ಫಾರ್ಮ್ ಅಲ್ಲಿಗೆ ಹೋಯಿತು. ಉತ್ತರ ಬಾರದ್ದರಿಂದ ತೀರ್ಪು ಅವರ ವಿರುದ್ಧ ಆಯಿತು. ಒಂದು ತಿಂಗಳೊಳಗೆ ಪೂರ್ತಿ ಕಟ್ಟದಿದ್ದರೆ ಅಂಥ ತೀರ್ಪು ಆರು ವರ್ಷ ದಾಖಲೆಯಲ್ಲಿರುತ್ತದೆ. ಅವರಿಗೆ ವಿಷಯ ಗೊತ್ತಾದದ್ದು ಮನೆ ಸಾಲ ಕೇಳಲು ಹೋದಾಗ.

ಆ ಪೆಟ್ರೋಲ್ ರಸೀದಿಯ ಅಕ್ಷರ ಈಗ ಪೂರ್ತಿ ಮಾಸಿಹೋಗಿದೆ, ಥರ್ಮಲ್ ಕಾಗದ ಅಲ್ವಾ. ಸಿಕ್ಕ ದಿನವೇ ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟಿದ್ದೆ. ಪೋಪ್ಲಾಗೆ ಕಳಿಸಿದ್ದು ಆ ಫೋಟೋ.