ಯುಎಸ್‌ಬಿ ಥ್ರೆಡ್ ರೇಡಿಯೊ ಪದೇ ಪದೇ ಕಳಚಿಕೊಳ್ಳುತ್ತಿದ್ದರೆ

ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಮೇಲೆ ಓಪನ್‌ಥ್ರೆಡ್ ಬಾರ್ಡರ್ ರೂಟರ್ (ಸೆನ್ಸರ್‌ಗಳ ವೈರ್‌ಲೆಸ್ ಜಾಲವಾದ ಥ್ರೆಡ್ ಅನ್ನು ಮನೆಯ ನೆಟ್‌ವರ್ಕಿಗೆ ಜೋಡಿಸುವ ತಂತ್ರಾಂಶ), ಅದಕ್ಕೆ ಥ್ರೆಡ್ ರೇಡಿಯೊ ಆಗಿ ಎನ್‌ಆರ್‌ಎಫ್ 52840 ಯುಎಸ್‌ಬಿ ಡಾಂಗಲ್. ರೇಡಿಯೊ ಉತ್ತರಿಸುತ್ತಿಲ್ಲ ಎಂದು ಏಜೆಂಟ್ ಸೇವೆ (ಪೈ ಮೇಲೆ ಬಾರ್ಡರ್ ರೂಟರ್ ನಡೆಸುವ ಪ್ರೋಗ್ರಾಂ) ಮತ್ತೆ ಮತ್ತೆ ನಿಂತು ಶುರುವಾಗುತ್ತಿತ್ತು. ಡಾಂಗಲ್ ಒಳಗಿನ ತಂತ್ರಾಂಶ, ಅಂದರೆ ಫರ್ಮ್‌ವೇರ್, ಸರಿಯಾಗಿಯೇ ಇತ್ತು. ಬದಲಾಗಿದ್ದು ಡಾಂಗಲ್‌ಗೆ ಲಿನಕ್ಸ್ ಕೊಡುವ ಸೀರಿಯಲ್ ಪೋರ್ಟಿನ ಹೆಸರು. ಡಾಂಗಲ್ ರೀಸೆಟ್ ಆದಾಗ ಹಳೆಯ ಪೋರ್ಟ್ ಇನ್ನೂ ತೆರೆದೇ ಇದ್ದರೆ, ಲಿನಕ್ಸ್ ಅದನ್ನು ಎಸಿಎಂ0 ಬದಲು ಎಸಿಎಂ1 ಎಂದು ಗುರುತಿಸುತ್ತದೆ. ಏಜೆಂಟ್ ಮಾತ್ರ ಹಳೆಯ ಹೆಸರನ್ನೇ ಹುಡುಕುತ್ತಿರುತ್ತದೆ.

ಏಜೆಂಟಿನ ಸೆಟ್ಟಿಂಗ್ಸ್ ಫೈಲಿನಲ್ಲಿ ಆ ಹೆಸರು ತೆಗೆದು, ಸೀರಿಯಲ್ ಫೋಲ್ಡರಿನ ‘ಬೈ-ಐಡಿ’ ಒಳಗಿರುವ ಉದ್ದ ಹೆಸರು ಹಾಕಿದೆ. ಅದು ಡಾಂಗಲ್‌ನ ಕ್ರಮಸಂಖ್ಯೆಗೆ ಅಂಟಿಕೊಂಡಿರುವುದರಿಂದ ಬದಲಾಗುವುದಿಲ್ಲ. ಜೊತೆಗೆ ಮೋಡೆಮ್‌ಮ್ಯಾನೇಜರ್ ಸೇವೆ ನಿಲ್ಲಿಸಿದೆ: ಎಸಿಎಂ ಪೋರ್ಟ್ ಕಂಡರೆ ಅದು ಮೋಡೆಮ್ ಎಂದು ಭಾವಿಸಿ ಆದೇಶ ಕಳಿಸುತ್ತದೆ, ರೇಡಿಯೊ ಸಂವಾದ ಕೆಡುತ್ತದೆ. ಸಿಮ್ ಡಾಂಗಲ್ ಬಳಸದವರಿಗೆ ಅದು ಬೇಡವೇ ಬೇಡ.

ಬಾಡ್ ರೇಟ್ (ಸೀರಿಯಲ್ ಸಂಪರ್ಕದ ವೇಗ) ಬಗ್ಗೆ ಒಂದು ಮಾತು. ಈ ಡಾಂಗಲ್‌ನ ಚಿಪ್ಪಿನಲ್ಲೇ ಯುಎಸ್‌ಬಿ ಇರುವುದರಿಂದ ಆ ಅಂಕಿಗೆ ಅರ್ಥವಿಲ್ಲ. ನಡುವೆ ಯುಎಸ್‌ಬಿ-ಸೀರಿಯಲ್ ಚಿಪ್ ಇರುವ ಡಾಂಗಲ್‌ಗಳಲ್ಲಿ ಮಾತ್ರ ಅದು ಫರ್ಮ್‌ವೇರಿಗೆ (ಉದಾಹರಣೆಗೆ 115200 ಅಥವಾ 460800) ಸರಿಹೊಂದಲೇಬೇಕು.

ಏಜೆಂಟ್ ಸ್ಥಿರವಾದ ಮೇಲೂ ದೂರದ ಸೆನ್ಸರ್‌ಗಳು ತಪ್ಪಿಹೋಗುತ್ತಿದ್ದವು. ಯುಎಸ್‌ಬಿ 3 ಪೋರ್ಟಿನ ಗದ್ದಲ ಥ್ರೆಡ್ ಬಳಸುವ 2.4 ಗಿಗಾಹರ್ಟ್ಸ್ ಪಟ್ಟಿಯ ಮೇಲೆಯೇ ಬೀಳುತ್ತದೆ. ಯುಎಸ್‌ಬಿ 2 ಪೋರ್ಟಿಗೆ ಒಂದು ಮೀಟರ್ ಎಕ್ಸ್‌ಟೆನ್ಷನ್ ಕೇಬಲ್ ಹಾಕಿ ಡಾಂಗಲ್ ದೂರ ಇಟ್ಟೆ, ಸಂಪರ್ಕ ಸ್ಥಿರವಾಯಿತು. ವೈಫೈ 1ನೇ ಚಾನೆಲ್‌ನಲ್ಲಿದ್ದರೆ ಥ್ರೆಡ್‌ಗೆ 25 ಸೂಕ್ತ.