ಡ್ಯಾಷ್‌ಹಂಡ್ ಸಾಕಿದ್ದೀರಾ? ಬೆನ್ನು ಕಾಯುವುದು ಹೀಗೆ

ಒಂದು ಭಾನುವಾರ ಬೆಳಿಗ್ಗೆ ನಮ್ಮ ಡ್ಯಾಷ್‌ಹಂಡ್ ಚಿನ್ನಿ ಸೋಫಾ ಮುಂದೆ ನಿಂತು ಮೇಲೆ ನೋಡುತ್ತಿದ್ದಳು. ಹತ್ತಲಿಲ್ಲ. ಬೆನ್ನು ಬಿಲ್ಲಿನಂತೆ ಬಾಗಿತ್ತು, ಹೊಟ್ಟೆ ಕಲ್ಲಿನಂತೆ ಗಟ್ಟಿ. ಗ್ಯಾಸ್ ಇರಬೇಕು ಅಂತ ಓಮದ ನೀರು ಕುಡಿಸಿದೆವು. ಸಂಜೆ ಹೊತ್ತಿಗೆ ಹಿಂಗಾಲು ತಡವರಿಸತೊಡಗಿತು. ನೋವಿದ್ದದ್ದು ಹೊಟ್ಟೆಯಲ್ಲಲ್ಲ, ಬೆನ್ನಿನಲ್ಲಿ.

ಅದಕ್ಕೇ ಮೊದಲು ಮಾಡಬೇಕಾದ್ದು ನಿಮ್ಮ ನಾಯಿಯ ತಳಿ ಯಾವುದು, ಅದರ ನರಕ್ಕೆ ಎಲ್ಲಿಂದ ಏಟು ಬೀಳಬಹುದು ಎಂದು ತಿಳಿದುಕೊಳ್ಳುವುದು. ಡ್ಯಾಷ್‌ಹಂಡನ್ನು ಜರ್ಮನಿಯಲ್ಲಿ ಬ್ಯಾಡ್ಜರ್ ಎಂಬ ಬಿಲವಾಸಿ ಪ್ರಾಣಿಯ ಬೇಟೆಗೆಂದು, ಬಿಲದೊಳಗೆ ನುಗ್ಗುವಂತೆ ಗಿಡ್ಡ ಕಾಲಿನದಾಗಿ ಬೆಳೆಸಿದರು. ಆ ಗಿಡ್ಡತನದ ಜೊತೆಗೇ ಬೆನ್ನಿನ ತೊಂದರೆಯೂ ಬಂತು. ಎಫ್‌ಜಿಎಫ್4 ಎಂಬ ಜೀನ್‌ನ ಹೆಚ್ಚುವರಿ ಪ್ರತಿಯೊಂದು 12ನೇ ಕ್ರೋಮೊಸೋಮಿನಲ್ಲಿ ಸೇರಿಕೊಂಡು ಬೆನ್ನುಮೂಳೆಗಳ ನಡುವಿನ ಮೆತ್ತೆಯನ್ನು, ಅಂದರೆ ಡಿಸ್ಕನ್ನು, ಕೆಡಿಸುತ್ತದೆ ಎಂದು ವಿಜ್ಞಾನಿಗಳು 2017ರಲ್ಲಿ ತೋರಿಸಿದರು.

ಈ ಡಿಸ್ಕ್ ಒಳಗೆ ಎಳನೀರಿನ ಗಂಜಿಯಂತೆ ಮೆತ್ತಗಿರಬೇಕು. ಈ ತಳಿಯಲ್ಲಿ ಅದು ವರ್ಷ ತುಂಬುವ ಮೊದಲೇ ಒಣಗತೊಡಗಿ ಕೊಬ್ಬರಿಯಂತಾಗುತ್ತದೆ, ಸುಣ್ಣವೂ ಕಟ್ಟುತ್ತದೆ. ಒಂದು ದಿನ ಸಿಡಿದು ಮೇಲಿರುವ ಬೆನ್ನುಹುರಿಯನ್ನು ಒತ್ತುತ್ತದೆ. ಹೆಚ್ಚಾಗಿ 3ರಿಂದ 7 ವರ್ಷದೊಳಗೆ, ಎದೆ ಮುಗಿದು ಸೊಂಟ ಶುರುವಾಗುವ ಜಾಗದಲ್ಲಿ. ಸುಮಾರು ನಾಲ್ಕೈದು ಡ್ಯಾಷ್‌ಹಂಡ್‌ಗಳಲ್ಲಿ ಒಂದಕ್ಕೆ ಬದುಕಿನಲ್ಲಿ ಒಮ್ಮೆಯಾದರೂ ಈ ತೊಂದರೆ ಬರುತ್ತದೆ. ಬೀಗಲ್, ಪೆಕಿನೀಸ್, ಫ್ರೆಂಚ್ ಬುಲ್‌ಡಾಗ್ ಕೂಡ ಇದೇ ಸಾಲಿನವು.

ಬೇರೆ ತಳಿ ಸಾಕಿದವರಿಗೆ ಬೇರೆ ಚಿಂತೆ. ಜರ್ಮನ್ ಶೆಫರ್ಡ್‌ಗೆ ಎಂಟು ವರ್ಷ ದಾಟಿದ ಮೇಲೆ ನೋವೇ ಇಲ್ಲದೆ ಹಿಂಗಾಲು ಸೋಲುತ್ತಾ ಹೋಗಬಹುದು. ಕಾಲುಗುರು ನೆಲಕ್ಕೆ ಉಜ್ಜಿ ಸವೆದಿದ್ದರೆ ಅನುಮಾನಪಡಿ. ಡಾಬರ್ಮನ್, ಗ್ರೇಟ್ ಡೇನ್‌ಗೆ ಕುತ್ತಿಗೆಯಲ್ಲಿ ಬೆನ್ನುಹುರಿ ಒತ್ತಿ ನಡಿಗೆ ತೂರಾಡಬಹುದು. ಪಗ್‌ಗೆ ಬೆನ್ನುಮೂಳೆಯೇ ಅರ್ಧಂಬರ್ಧ ಬೆಳೆದಿರಬಹುದು. ಆ ಸುರುಳಿ ಬಾಲ ನಮಗೆ ಮುದ್ದು, ಅಲ್ವಾ? ಅದೂ ಸೊಟ್ಟ ಮೂಳೆಯೇ.

ಇನ್ನು ಮನೆ. ನಮ್ಮ ಕಡೆ ಎಲ್ಲರ ಮನೆಯಲ್ಲೂ ಟೈಲ್ಸ್, ಗ್ರಾನೈಟ್. ನಾಯಿ ಅದರ ಮೇಲೆ ಓಡಿದಾಗ ಹಿಂಗಾಲು ಜಾರಿ ಸೊಂಟ ತಿರುಚುತ್ತದೆ. ಅದು ಓಡಾಡುವ ದಾರಿಗೆ ಜಾರದ ಮ್ಯಾಟ್ ಹಾಸಿ. ಸೋಫಾ ಹತ್ತಲು ಇಳಿಜಾರು ಹಲಗೆ ಇಡಿ. ಕೊರಳಪಟ್ಟಿ ಬಿಟ್ಟು ಎದೆಗೆ ಹಾರ್ನೆಸ್ ಹಾಕಿ. ಎತ್ತುವಾಗ ಒಂದು ಕೈ ಎದೆಯ ಕೆಳಗೆ, ಇನ್ನೊಂದು ಪೃಷ್ಠದ ಕೆಳಗೆ. ಬೆನ್ನು ನೆಲಕ್ಕೆ ಸಮನಾಗಿರಲಿ. ಮುಂಗಾಲು ಹಿಡಿದು ಮಗುವಿನಂತೆ ನೇತಾಡಿಸಬೇಡಿ. ತೂಕ ಬಗ್ಗೆ ನಾನು ಸ್ವಲ್ಪ ಕಟುವಾಗಿಯೇ ಹೇಳುತ್ತೇನೆ. ಪಕ್ಕೆಲುಬು ಕೈಗೆ ಸಿಗದಿದ್ದರೆ ನಾಯಿ ದಪ್ಪಗಿದೆ. ಊಟದ ಹೊತ್ತಿಗೆ ಟೇಬಲ್ ಕೆಳಗೆ ಬೀಳುವ ಚಪಾತಿ ತುಂಡೂ ಲೆಕ್ಕಕ್ಕೆ ಬರುತ್ತದೆ.

ನಾಯಿ ಚೆನ್ನಾಗಿರುವಾಗಲೇ ಒಂದು ಪರೀಕ್ಷೆ ರೂಢಿ ಮಾಡಿಕೊಳ್ಳಿ. ಮ್ಯಾಟ್ ಮೇಲೆ ನಿಲ್ಲಿಸಿ, ಹೊಟ್ಟೆಯ ಕೆಳಗೆ ಕೈ ಕೊಟ್ಟು, ಹಿಂಗಾಲಿನ ಪಾದವನ್ನು ಮೆಲ್ಲಗೆ ಮಗುಚಿ ಅದರ ಮೇಲ್ಭಾಗ ನೆಲಕ್ಕೆ ತಾಗುವಂತೆ ಇಡಿ. ಸರಿ ಇರುವ ನಾಯಿ ತಕ್ಷಣ ಪಾದ ತಿರುಗಿಸಿಕೊಳ್ಳುತ್ತದೆ. ಹಾಗೇ ಬಿಟ್ಟರೆ ಕಾಲಿನ ಸುದ್ದಿ ಮಿದುಳಿಗೆ ಸರಿಯಾಗಿ ಮುಟ್ಟುತ್ತಿಲ್ಲ. ಈಗಾಗಲೇ ನೋವಿನಿಂದ ಕಿರುಚುವ ನಾಯಿಗೆ ಮಾತ್ರ ಇದನ್ನು ಮಾಡಲು ಹೋಗಬೇಡಿ.

ನೋವು ಶುರುವಾದರೆ ಮೊದಲ ಕೆಲಸ ಓಡಾಟ ನಿಲ್ಲಿಸುವುದು. ಮನೆಯಲ್ಲಿದೆ ಅಂತ ಮನುಷ್ಯರ ನೋವಿನ ಮಾತ್ರೆ ಕೊಡಬೇಡಿ. ಐಬುಪ್ರೊಫೇನ್ ನಾಯಿಗೆ ವಿಷ. ಹಿಂಗಾಲು ಎಳೆಯುತ್ತಿದ್ದರೆ, ಮೂತ್ರ ಕಟ್ಟಿದರೆ ಅಥವಾ ತಾನಾಗಿ ಸೋರುತ್ತಿದ್ದರೆ ಬೆಳಗಾಗಲಿ ಎಂದು ಕಾಯಬೇಡಿ. ಗಟ್ಟಿ ಹಲಗೆಯ ಮೇಲೆ ಮಲಗಿಸಿ, ಮೇಲಿಂದ ಶಾಲು ಸುತ್ತಿ ಒಯ್ಯಿರಿ. ನಾವು ಚಿನ್ನಿಯನ್ನು ಕ್ಯಾರಂ ಬೋರ್ಡ್ ಮೇಲೆ ಒಯ್ದೆವು. ಡಾಕ್ಟರು ಕಾಲ್ಬೆರಳನ್ನು ಇಕ್ಕಳದಿಂದ ಒತ್ತಿ ನೋಡುತ್ತಾರೆ. ನಾಯಿ ತಿರುಗಿ ನೋಡಿದರೆ, ಅರಚಿದರೆ ಒಳ್ಳೆಯ ಸೂಚನೆ. ಆ ಅರಿವು ಉಳಿದಿದ್ದಾಗ ಆಪರೇಷನ್ ಆದರೆ ಹೆಚ್ಚಿನವು ಮತ್ತೆ ನಡೆಯುತ್ತವೆ. ಅದು ಹೋದ ಮೇಲೆ ಸುಮಾರು ಅರ್ಧದಷ್ಟು ಮಾತ್ರ.

ಚಿನ್ನಿ ಇನ್ನೂ ನಡೆಯುತ್ತಿದ್ದಳು. ಹಾಗಾಗಿ ಔಷಧಿ, ಜೊತೆಗೆ ಪಂಜರದ ವಿಶ್ರಾಂತಿ ಸಾಕು ಎಂದರು. ಕನಿಷ್ಠ 4 ವಾರ. ಎದ್ದು ತಿರುಗಲು ಜಾಗ ಇರಬೇಕು, ಓಡಲು ಇರಬಾರದು. ಮೂತ್ರಕ್ಕೆ ಮಾತ್ರ ಹಗ್ಗ ಹಾಕಿ ಹೊರಗೆ. ಕಷ್ಟ ಬರುವುದು ಎರಡನೇ ವಾರದಲ್ಲಿ. ಔಷಧಿಯಿಂದ ನೋವು ಇಳಿದಿರುತ್ತದೆ, ನಾಯಿ ಕುಣಿಯಲು ನೋಡುತ್ತದೆ. ಡಿಸ್ಕ್ ಸುತ್ತಲಿನ ಗಾಯ ಮಾತ್ರ ಇನ್ನೂ ಹಸಿ. ಪಂಜರದೊಳಗಿಂದ ಅವಳು ಕುಂಯ್‌ಗುಟ್ಟುವುದು ಕೇಳಲಾಗದೆ ನಮ್ಮ ಅಜ್ಜಿ ಎರಡು ಸಲ ಬಾಗಿಲು ತೆಗೆದು ಸಿಕ್ಕಿಬಿದ್ದರು. ಮೂರನೇ ಸಲಕ್ಕೆ ಪುಟ್ಟ ಬೀಗ ತಂದು ಹಾಕಿದೆ.