ಒಂದೇ ಬ್ಯಾಕ್ಟೀರಿಯಾ, ಎರಡು ಬಗೆಯ ಹುಣ್ಣು: ಕಣ್ಣಿನ ಸೋಂಕಿನಲ್ಲಿ ಜೀನ್ ಪತ್ತೆ ಮಾಡುವುದು ಹೇಗೆ?

ಒಕ್ಕಣೆ ಕಣದಲ್ಲಿ ಭತ್ತದ ಹೊಟ್ಟು ಹಾರಿ ಬಿದ್ದ ಕಣ್ಣು ಒಂದು, ರಾತ್ರಿ ಕಾಂಟ್ಯಾಕ್ಟ್ ಲೆನ್ಸ್ ತೆಗೆಯದೆ ಮಲಗಿದವರ ಕಣ್ಣು ಇನ್ನೊಂದು. ಎರಡಕ್ಕೂ ಲ್ಯಾಬ್ ರಿಪೋರ್ಟಿನಲ್ಲಿ ಬರುವ ಹೆಸರು ಒಂದೇ ಇರಬಹುದು: ಸೂಡೊಮೊನಾಸ್ ಎರುಜಿನೋಸಾ. ಸಿಂಕು, ನಲ್ಲಿಬಾಯಿ, ಲೆನ್ಸ್ ಇಡುವ ಡಬ್ಬಿ, ಒಟ್ಟಿನಲ್ಲಿ ತೇವ ಇದ್ದಲ್ಲೆಲ್ಲ ಬದುಕುವ ಬ್ಯಾಕ್ಟೀರಿಯಾ ಇದು. ಆದರೆ ಒಬ್ಬರ ಕಾರ್ನಿಯಾ (ಕಪ್ಪುಗುಡ್ಡೆಯ ಮುಂದಿನ ಪಾರದರ್ಶಕ ಪದರ) ಎರಡು ಮೂರು ದಿನದಲ್ಲೇ ಕರಗತೊಡಗುತ್ತದೆ, ಇನ್ನೊಬ್ಬರ ಹುಣ್ಣು ವಾರಗಟ್ಟಲೆ ಕಾಡುತ್ತದೆ. ಆಸ್ಪತ್ರೆಗೆ ತಡವಾಗಿ ಬಂದದ್ದು, ವಯಸ್ಸು, ಹುಣ್ಣು ನಡುವಿನಲ್ಲಿದೆಯೋ ಅಂಚಿನಲ್ಲಿದೆಯೋ ಎಂಬುದು, ಎಲ್ಲಕ್ಕೂ ಇದರಲ್ಲಿ ಪಾಲಿದೆ. ಬ್ಯಾಕ್ಟೀರಿಯಾ ಹೊತ್ತು ತಂದ ಜೀನ್‌ಗಳಿಗೂ ಒಂದು ಪಾಲಿದೆ. ಆ ಪಾಲನ್ನು ಲ್ಯಾಬಿನಲ್ಲಿ ಕಂಡುಹಿಡಿಯುವುದು ಹೇಗೆ ಎಂಬುದನ್ನು ಹಂತ ಹಂತವಾಗಿ ನೋಡೋಣ. ಮೈಕ್ರೊಬಯಾಲಜಿ ಓದುವ ವಿದ್ಯಾರ್ಥಿಗಳಿಗೂ ಇದು ಬೇಕು, ಕಣ್ಣಾಸ್ಪತ್ರೆಯ ಬೆಂಚಿನ ಮೇಲೆ ರಿಪೋರ್ಟ್ ಹಿಡಿದು ಕೂತವರಿಗೂ ಬೇಕು.

ಹಂತ 1: ಹನಿ ಹಾಕುವ ಮೊದಲೇ ಮಾದರಿ

ಅರ್ಧ ಕೆಲಸ ಕೆಡುವುದು ಇಲ್ಲೇ. ಕಣ್ಣು ಕೆಂಪಾದ ಕೂಡಲೇ ಎದೆಹಾಲು ಬಿಡುವವರಿದ್ದಾರೆ, ನಂದಿಬಟ್ಟಲು ಹೂವಿನ ರಸ ಹಿಂಡುವವರಿದ್ದಾರೆ. ಇನ್ನು ಕೆಲವರು ಮೆಡಿಕಲ್ ಶಾಪಿಗೆ ಹೋಗಿ 'ಕಣ್ಣಿಗೆ ಒಂದು ಡ್ರಾಪ್ಸ್ ಕೊಡಿ' ಎಂದು ಕೇಳಿ ತರುತ್ತಾರೆ. ಅದು ಆ್ಯಂಟಿಬಯಾಟಿಕ್ ಆಗಿದ್ದರೆ ಹುಣ್ಣು ವಾಸಿಯಾಗದೆಯೂ, ಲ್ಯಾಬಿನಲ್ಲಿ ರೋಗಾಣು ಬೆಳೆಸಿ ನೋಡುವ ಕಲ್ಚರ್‌ನಲ್ಲಿ ಏನೂ ಬೆಳೆಯದಂತೆ ಆಗಬಹುದು. ಸ್ಟೀರಾಯ್ಡ್ ಆಗಿದ್ದರೆ ಇನ್ನೂ ಕಷ್ಟ. ದಕ್ಷಿಣ ಭಾರತದ ರೈತಾಪಿ ಜನರ ಕಾರ್ನಿಯಾ ಹುಣ್ಣುಗಳಲ್ಲಿ ಶಿಲೀಂಧ್ರದ್ದೇ ದೊಡ್ಡ ಪಾಲು, ಮತ್ತು ಶಿಲೀಂಧ್ರಕ್ಕೆ ಸ್ಟೀರಾಯ್ಡ್ ಬಿದ್ದರೆ ಅದು ಕೊಬ್ಬುತ್ತದೆ. ಈ ಕಾಯಿಲೆ ನಮ್ಮ ಕಡೆ ಎಷ್ಟು ಸಾಮಾನ್ಯ ಎಂಬುದಕ್ಕೆ ಒಂದು ಲೆಕ್ಕ ಸಾಕು. ಮಧುರೈ ಜಿಲ್ಲೆಯಲ್ಲಿ ವರ್ಷಕ್ಕೆ ಲಕ್ಷಕ್ಕೆ ಸುಮಾರು 113 ಜನರಿಗೆ ಕಾರ್ನಿಯಾ ಹುಣ್ಣು ಆಗುತ್ತದೆ ಎಂದು 1996ರಲ್ಲಿ ಪ್ರಕಟವಾದ ಅಧ್ಯಯನ ಹೇಳಿತು. ಅಮೆರಿಕದ ಮಿನೆಸೋಟಾದ ಒಂದು ಕೌಂಟಿಯಲ್ಲಿ 1980ರ ದಶಕದಲ್ಲಿ ಆ ಸಂಖ್ಯೆ 11ರಷ್ಟಿತ್ತು.

ಆದ್ದರಿಂದ ಸೋಂಕು ತಗುಲಿದವರು ಮಾಡಬೇಕಾದ್ದು ಇಷ್ಟೇ. ಕಣ್ಣು ಉಜ್ಜಬೇಡಿ, ಲೆನ್ಸ್ ಇದ್ದರೆ ತೆಗೆಯಿರಿ, ಅದರ ಡಬ್ಬಿಯನ್ನೂ ಜೊತೆಗೆ ಒಯ್ಯಿರಿ, ಅದೇ ದಿನ ಕಣ್ಣಿನ ಡಾಕ್ಟರನ್ನು ಕಾಣಿರಿ. ಈಗಾಗಲೇ ಏನಾದರೂ ಹಾಕಿಕೊಂಡಿದ್ದರೆ ಮುಚ್ಚಿಡದೆ ಹೇಳಿ, ಬಾಟಲಿಯನ್ನೇ ತೋರಿಸಿ.

ಹಂತ 2: ಕೆರೆದು ತೆಗೆಯುವುದು

ಕಾರ್ನಿಯಾದ ನಡುಭಾಗದ ದಪ್ಪ ಅರ್ಧ ಮಿಲಿಮೀಟರಿಗಿಂತ ಕೂದಲೆಳೆಯಷ್ಟು ಹೆಚ್ಚು, ಅಷ್ಟೇ. ಅದರಿಂದ ಮಾದರಿ ತೆಗೆಯುವುದೆಂದರೆ ಕೈ ನಡುಗಬಾರದು. ಮೊದಲು ಕಣ್ಣು ಮರಗಟ್ಟಿಸುವ ಪ್ರೊಪಾರಕೇನ್ ಹನಿ. ರೋಗಿಯನ್ನು ಸ್ಲಿಟ್ ಲ್ಯಾಂಪಿನ (ಕಣ್ಣನ್ನು ಹಿಗ್ಗಿಸಿ ತೋರಿಸುವ ಉಪಕರಣ) ಮುಂದೆ ಕೂರಿಸಿ, ಗದ್ದ ಇಡಿಸಿ, 15ನೇ ನಂಬರಿನ ಸರ್ಜಿಕಲ್ ಬ್ಲೇಡಿನಿಂದಲೋ ಕಿಮುರಾ ಸ್ಪ್ಯಾಚುಲಾದಿಂದಲೋ ಹುಣ್ಣಿನ ಅಂಚು ಮತ್ತು ತಳವನ್ನು ಹಗುರವಾಗಿ ಕೆರೆಯುತ್ತಾರೆ. ಮೇಲೆ ಕೂತ ಕೀವನ್ನಷ್ಟೇ ಒರೆಸಿದರೆ ಸಿಗುವುದು ಸತ್ತ ಬಿಳಿ ರಕ್ತಕಣ, ಬ್ಯಾಕ್ಟೀರಿಯಾ ಅಲ್ಲ. ಸಿಕ್ಕಿದ್ದು ಸಾಸಿವೆ ಕಾಳಿಗಿಂತ ಚಿಕ್ಕದು. ಅದನ್ನೇ ಎರಡು ಗಾಜಿನ ಸ್ಲೈಡಿಗೂ ರೋಗಾಣು ಬೆಳೆಸುವ ಬ್ಲಡ್ ಅಗಾರ್, ಚಾಕೊಲೇಟ್ ಅಗಾರ್ ಪ್ಲೇಟುಗಳಿಗೂ ಶಿಲೀಂಧ್ರ ಬೆಳೆಸುವ ಪ್ಲೇಟಿಗೂ ಹಂಚಬೇಕು. (ಚಾಕೊಲೇಟ್ ಅಗಾರ್‌ನಲ್ಲಿ ಚಾಕೊಲೇಟ್ ಇಲ್ಲ. ಕಾಯಿಸಿದ ರಕ್ತ ಕಂದುಬಣ್ಣಕ್ಕೆ ತಿರುಗುವುದರಿಂದ ಬಂದ ಹೆಸರು.)

ಪ್ಲೇಟಿನ ಮೇಲೆ ಬ್ಲೇಡನ್ನು ಇಂಗ್ಲಿಷಿನ 'ಸಿ' ಅಕ್ಷರದ ಆಕಾರದಲ್ಲಿ ಎಳೆಯುವುದು ಕಣ್ಣಿನ ಲ್ಯಾಬುಗಳ ಪದ್ಧತಿ. ಆ ಗೆರೆಯ ಮೇಲೆಯೇ ಬೆಳೆದರೆ ಅದು ಕಣ್ಣಿನಿಂದ ಬಂದದ್ದು. ಗೆರೆಯ ಹೊರಗೆಲ್ಲೋ ಬೆಳೆದದ್ದು ಗಾಳಿಯಿಂದ ಬಿದ್ದದ್ದಿರಬೇಕು ಎಂದು ಬದಿಗಿಡುತ್ತಾರೆ.

ಹಂತ 3: ಹೆಸರು ಪತ್ತೆ

ಬ್ಯಾಕ್ಟೀರಿಯಾಗೆ ಬಣ್ಣ ಹಚ್ಚಿ ನೋಡುವ ಗ್ರಾಮ್ ಸ್ಟೇನ್‌ನಲ್ಲಿ ಗುಲಾಬಿ ಬಣ್ಣದ ಸಣ್ಣ ಕಡ್ಡಿಗಳು ಕಂಡರೆ ಸೂಡೊಮೊನಾಸ್ ಇರಬಹುದೆಂಬ ಗುಮಾನಿ ಶುರು. 37 ಡಿಗ್ರಿಯಲ್ಲಿ ಒಂದು ರಾತ್ರಿ ಇಟ್ಟು ಮುಚ್ಚಳ ತೆಗೆದರೆ ಹಸಿರು-ನೀಲಿ ಬಣ್ಣ, ಮಾಗಿದ ದ್ರಾಕ್ಷಿಯಂಥ ಸಿಹಿ ವಾಸನೆ. ಪಳಗಿದ ತಂತ್ರಜ್ಞರು ಆಕ್ಸಿಡೇಸ್ ಪರೀಕ್ಷೆಗೂ ಮೊದಲೇ ಹೆಸರು ಹೇಳಿಬಿಡುತ್ತಾರೆ. ಬೇಕೆಂದೇ ಪ್ಲೇಟನ್ನು ಮೂಸಿ ನೋಡುವುದು ಮಾತ್ರ ಈಗ ಸುರಕ್ಷತೆಯ ನಿಯಮಕ್ಕೆ ವಿರುದ್ಧ.

ಇದರ ಜೊತೆಗೇ ಯಾವ ಔಷಧಿಗೆ ಬಗ್ಗುತ್ತದೆ ಎಂಬ ಸೆನ್ಸಿಟಿವಿಟಿ ಪರೀಕ್ಷೆ. ಬಹುತೇಕ ಆಸ್ಪತ್ರೆಗಳ ರಿಪೋರ್ಟ್ ಇಲ್ಲಿಗೆ ಮುಗಿಯುತ್ತದೆ, ಚಿಕಿತ್ಸೆಯೂ ಇದರ ಮೇಲೆಯೇ ನಡೆಯುತ್ತದೆ. ಮುಂದಿನ ಹಂತಗಳು ಸಂಶೋಧನಾ ಲ್ಯಾಬಿನವು.

ಹಂತ 4: ಎಕ್ಸೋ-ಯು ಇದೆಯೋ, ಎಕ್ಸೋ-ಎಸ್ ಇದೆಯೋ?

ಸೂಡೊಮೊನಾಸ್‌ನ ಮೈಮೇಲೆ ಸೂಕ್ಷ್ಮ ಸೂಜಿಗಳಿರುತ್ತವೆ. ಟೈಪ್ ತ್ರೀ ಸೆಕ್ರೀಶನ್ ಎಂದು ಆ ವ್ಯವಸ್ಥೆಯ ಹೆಸರು. ನಮ್ಮ ಜೀವಕೋಶಕ್ಕೆ ತಾಗಿದ ಕೂಡಲೇ ಬ್ಯಾಕ್ಟೀರಿಯಾ ಆ ಸೂಜಿಯ ಮೂಲಕ ವಿಷಪ್ರೋಟೀನುಗಳನ್ನು ನೇರ ಒಳಕ್ಕೆ ಇಳಿಸುತ್ತದೆ. ಗೊತ್ತಿರುವವು ನಾಲ್ಕು: ಎಕ್ಸೋ-ಎಸ್, ಎಕ್ಸೋ-ಟಿ, ಎಕ್ಸೋ-ಯು, ಎಕ್ಸೋ-ವೈ. ತೀವ್ರತೆಯ ಮಾತು ಬಂದಾಗ ನೋಡಬೇಕಾದ್ದು ಯು ಮತ್ತು ಎಸ್. ವಿಚಿತ್ರವೆಂದರೆ ಇವೆರಡೂ ಒಂದೇ ತಳಿಯಲ್ಲಿ ಒಟ್ಟಿಗೆ ಇರುವುದು ಅಪರೂಪ. ಒಂದಿದ್ದರೆ ಸಾಮಾನ್ಯವಾಗಿ ಇನ್ನೊಂದು ಇರುವುದಿಲ್ಲ.

ಎಕ್ಸೋ-ಯು ಜೀವಕೋಶದ ಪೊರೆಯ ಕೊಬ್ಬನ್ನೇ ಕತ್ತರಿಸುತ್ತದೆ. ಕೆಲವೇ ಗಂಟೆಗಳಲ್ಲಿ ಕೋಶ ಒಡೆದು ಸಾಯುತ್ತದೆ. ಎಕ್ಸೋ-ಎಸ್ ಇರುವ ತಳಿ ಕೋಶವನ್ನು ತಕ್ಷಣ ಕೊಲ್ಲದೆ ಅದರೊಳಗೆ ಹೊಕ್ಕು ಅಲ್ಲೇ ಮರಿ ಹಾಕುತ್ತದೆ. ಒಬ್ಬ ಬಾಗಿಲು ಒಡೆದು ನುಗ್ಗುವ ದರೋಡೆಕೋರ, ಇನ್ನೊಬ್ಬ ನೆಂಟನ ಸೋಗಿನಲ್ಲಿ ಬಂದು ಒಳಮನೆಯಲ್ಲಿ ಠಿಕಾಣಿ ಹೂಡುವವನು. ಲ್ಯಾಬಿನ ಭಾಷೆಯಲ್ಲಿ ಮೊದಲನೆಯದು 'ಸೈಟೊಟಾಕ್ಸಿಕ್', ಎರಡನೆಯದು 'ಇನ್ವೇಸಿವ್'. ಕಣ್ಣಿನ ಸೂಡೊಮೊನಾಸ್ ತಳಿಗಳನ್ನು ಹೀಗೆ ಎರಡಾಗಿ ವಿಂಗಡಿಸಿ ನೋಡುವ ಕೆಲಸ ಗಟ್ಟಿಯಾಗಿ ನಡೆದದ್ದು 1990ರ ದಶಕದಲ್ಲಿ. ಕ್ಯಾಲಿಫೋರ್ನಿಯಾದ ಬರ್ಕ್ಲಿಯ ಸುಸಾನ್ ಫ್ಲೈಸಿಗ್ ಅವರ ತಂಡ ಅದರಲ್ಲಿ ಮುಂದಿತ್ತು.

ಜೀನ್ ಪತ್ತೆಗೆ ಕೋವಿಡ್ ಕಾಲದಲ್ಲಿ ಮನೆಮಾತಾದ ಪಿಸಿಆರ್ ಸಾಕು. ಪ್ಲೇಟಿನಿಂದ ಒಂದೇ ಒಂದು ಕಾಲೊನಿ (ಬ್ಯಾಕ್ಟೀರಿಯಾ ಬೆಳೆದು ಆದ ಚುಕ್ಕೆ) ಎತ್ತಿ ಶುದ್ಧ ನೀರಿನಲ್ಲಿ ಕದಡಿ ಕುದಿಸಿದರೆ ಡಿಎನ್‌ಎ ಹೊರಬರುತ್ತದೆ. ಅದಕ್ಕೆ ಎಕ್ಸೋ-ಯು ಜೀನನ್ನಷ್ಟೇ ಗುರುತಿಸುವ ಪ್ರೈಮರ್ (ಡಿಎನ್‌ಎಯ ಚಿಕ್ಕ ತುಣುಕು) ಜೋಡಿ ಒಂದು ಟ್ಯೂಬಿಗೆ, ಎಕ್ಸೋ-ಎಸ್‌ನದು ಇನ್ನೊಂದಕ್ಕೆ. ಯಂತ್ರ ಸುಮಾರು 95 ಡಿಗ್ರಿಯಲ್ಲಿ ಡಿಎನ್‌ಎ ಎಳೆಗಳನ್ನು ಬಿಡಿಸಿ, 55–60ರ ಆಸುಪಾಸಿನಲ್ಲಿ ಪ್ರೈಮರ್ ಅಂಟಿಸಿ, 72ರಲ್ಲಿ ಹೊಸ ಎಳೆ ಕಟ್ಟುತ್ತದೆ. ಇದು ಮೂವತ್ತು ಚಿಲ್ಲರೆ ಸುತ್ತು. ಕೊನೆಗೆ ಅದನ್ನು ವಿದ್ಯುತ್ ಹಾಯಿಸಿ ಅಗರೋಸ್ ಜೆಲ್‌ನಲ್ಲಿ ಓಡಿಸಿದರೆ ಜೀನ್ ಇದ್ದ ಕಡೆ ಹೊಳೆಯುವ ಗೆರೆ.

ವಿದ್ಯಾರ್ಥಿಗಳು ಉದಾಸೀನ ಮಾಡುವ ಭಾಗ ಕಂಟ್ರೋಲ್, ಅಂದರೆ ಫಲಿತಾಂಶ ಮೊದಲೇ ಗೊತ್ತಿರುವ ಟ್ಯೂಬುಗಳು. ಎಕ್ಸೋ-ಎಸ್‌ಗೆ ಪಿಎಒ1 ತಳಿ, ಎಕ್ಸೋ-ಯುಗೆ ಪಿಎ14 ತಳಿ, ಜೊತೆಗೆ ಬರೀ ನೀರಿನ ಟ್ಯೂಬು. ನೀರಿನಲ್ಲೂ ಗೆರೆ ಬಂದರೆ ಇಡೀ ಜೆಲ್ ಕಸದ ಬುಟ್ಟಿಗೆ. ಪಿಎಒ1 ಸಾಮಾನ್ಯ ತಳಿಯಲ್ಲ. 1950ರ ದಶಕದಲ್ಲಿ ಮೆಲ್ಬರ್ನಿನ ರೋಗಿಯೊಬ್ಬರ ಗಾಯದಿಂದ ತೆಗೆದ ಬ್ಯಾಕ್ಟೀರಿಯಾದ ಸಂತತಿ ಅದು. 2000ದಲ್ಲಿ ಅದರ ಪೂರ್ತಿ ಜೀನೋಮ್ (ಇಡೀ ಡಿಎನ್‌ಎ ಬರಹ) ಪ್ರಕಟವಾದಾಗ ಸುಮಾರು 63 ಲಕ್ಷ ಅಕ್ಷರ, ಐದೂವರೆ ಸಾವಿರ ಜೀನ್ ಲೆಕ್ಕಕ್ಕೆ ಸಿಕ್ಕವು.

ಹಂತ 5: ಜೀನ್ ಇದೆ ಸರಿ, ಕೆಲಸ ಮಾಡುತ್ತಿದೆಯೇ?

ಗೆರೆ ಕಂಡ ಮಾತ್ರಕ್ಕೆ ತೀರ್ಪು ಕೊಡುವಂತಿಲ್ಲ. ಸೂಜಿಯೇ ಮುರಿದ ತಳಿಯಲ್ಲಿ ಎಕ್ಸೋ-ಯು ಇದ್ದೂ ಪ್ರಯೋಜನವಿಲ್ಲ. ಹಾಗಾಗಿ ಬ್ಯಾಕ್ಟೀರಿಯಾವನ್ನು ನಿಜವಾದ ಕೋಶಗಳ ಮೇಲೆ ಬಿಟ್ಟು ನೋಡಬೇಕು.

ತಟ್ಟೆಯಲ್ಲಿ ಬೆಳೆಸಿದ ಕಾರ್ನಿಯಾ ಕೋಶಗಳಿಗೆ ಬ್ಯಾಕ್ಟೀರಿಯಾ ಸೇರಿಸಿ ಮೂರು ನಾಲ್ಕು ಗಂಟೆ ಬಿಡಿ. ಒಂದು ತಟ್ಟೆಗೆ ಟ್ರಿಪಾನ್ ಬ್ಲೂ ಬಣ್ಣ ಹಾಕಿ. ಬದುಕಿದ ಕೋಶ ಬಣ್ಣವನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ, ಸತ್ತದ್ದು ನೀಲಿಯಾಗುತ್ತದೆ. ಎಕ್ಸೋ-ಯು ಚುರುಕಾಗಿದ್ದರೆ ಸೂಕ್ಷ್ಮದರ್ಶಕದ ಕೆಳಗೆ ತಟ್ಟೆ ತುಂಬ ನೀಲಿ ಚುಕ್ಕಿ. ಇನ್ನೊಂದು ತಟ್ಟೆಗೆ ಜೆಂಟಾಮೈಸಿನ್ ಹಾಕಿ. ಅದು ಕೋಶದೊಳಕ್ಕೆ ಸರಿಯಾಗಿ ಇಳಿಯುವುದಿಲ್ಲ, ಹೊರಗಿನ ಬ್ಯಾಕ್ಟೀರಿಯಾವನ್ನಷ್ಟೇ ಕೊಲ್ಲುತ್ತದೆ. ಆಮೇಲೆ ತೊಳೆದು, ಕೋಶಗಳನ್ನು ಒಡೆದು, ಒಳಗಿದ್ದದ್ದನ್ನು ಅಗಾರ್ ಮೇಲೆ ಹರಡಿ ಮರುದಿನ ಕಾಲೊನಿ ಎಣಿಸಿ. ಎಣಿಕೆ ಹೆಚ್ಚಿದ್ದರೆ ತಳಿ ಒಳಹೊಕ್ಕು ಕೂರುವ ಜಾತಿಯದು.

ಈ ಪ್ರಯೋಗದಲ್ಲಿ ನನಗೆ ಹಿಡಿಸುವುದು ಜೆಂಟಾಮೈಸಿನ್‌ನ ಆ ದೌರ್ಬಲ್ಯ. ಲ್ಯಾಬಿನಲ್ಲಿ ಉಪಕಾರಕ್ಕೆ ಬರುವ ಅದೇ ಗುಣ ರೋಗಿಯ ಕಣ್ಣಿನಲ್ಲಿ ತೊಡಕು. ಒಳಗೆ ಅಡಗಿದ ಬ್ಯಾಕ್ಟೀರಿಯಾಗೆ ಕೋಶವೇ ರಕ್ಷಣೆ.

ಹಂತ 6: ಫಲಿತಾಂಶವನ್ನು ರೋಗಿಯ ಪಕ್ಕದಲ್ಲಿಟ್ಟು ಓದುವುದು

ಇಷ್ಟು ಓದಿದವರಿಗೆ ಎಕ್ಸೋ-ಯು ಇದ್ದರೆ ಗತಿ ಕೆಟ್ಟಿತು, ಎಕ್ಸೋ-ಎಸ್ ಆದರೆ ಬಚಾವ್ ಎಂದು ಅನ್ನಿಸುವುದು ಸಹಜ. ವಾಸ್ತವ ಅಷ್ಟು ಸರಳವಲ್ಲ.

ತಮಿಳುನಾಡಿನ ಅರವಿಂದ್ ಕಣ್ಣಾಸ್ಪತ್ರೆಗಳು ಮತ್ತು ಅಮೆರಿಕದ ಸಂಸ್ಥೆಗಳು ಸೇರಿ ನಡೆಸಿದ 'ಸ್ಕಟ್' ಎಂಬ ಪ್ರಯೋಗದಲ್ಲಿ ಬ್ಯಾಕ್ಟೀರಿಯಾ ಹುಣ್ಣಾದ 500 ಮಂದಿ ಇದ್ದರು, ಹೆಚ್ಚುಕಡಿಮೆ ಎಲ್ಲರೂ ಭಾರತದವರೇ. ಎಲ್ಲರಿಗೂ ಮಾಕ್ಸಿಫ್ಲಾಕ್ಸಸಿನ್ ಹನಿ. 48 ಗಂಟೆಯ ನಂತರ ಅರ್ಧ ಜನಕ್ಕೆ ಸ್ಟೀರಾಯ್ಡ್, ಉಳಿದರ್ಧಕ್ಕೆ ಔಷಧವಿಲ್ಲದ ಹನಿ. 2012ರಲ್ಲಿ ಬಂದ ಫಲಿತಾಂಶದ ಪ್ರಕಾರ ಮೂರು ತಿಂಗಳ ನಂತರದ ದೃಷ್ಟಿಯಲ್ಲಿ ಒಟ್ಟಾರೆ ವ್ಯತ್ಯಾಸವಿರಲಿಲ್ಲ. ಆದರೆ ಸೂಡೊಮೊನಾಸ್ ಇದ್ದವರ ತಳಿಗಳ ಜೀನ್ ನೋಡಿದಾಗ ಕಥೆ ಬೇರೆಯಾಯಿತು. ಸೈಟೊಟಾಕ್ಸಿಕ್ ತಳಿಯವರು ಆಸ್ಪತ್ರೆಗೆ ಬಂದಾಗಲೇ ದೃಷ್ಟಿ ಹೆಚ್ಚು ಕೆಟ್ಟಿತ್ತು. ಇನ್ವೇಸಿವ್ ತಳಿಯವರದು ಮೊದಲಿಗೆ ಪರವಾಗಿಲ್ಲ ಎನ್ನುವಂತಿತ್ತು. ಮೂರು ತಿಂಗಳ ಹೊತ್ತಿಗೆ ಹೆಚ್ಚು ಸುಧಾರಿಸಿದ್ದು ಮಾತ್ರ ಸೈಟೊಟಾಕ್ಸಿಕ್ ತಳಿಯವರು.

ಮೊದಲ ದಿನ ಕಣ್ಣು ಎಷ್ಟು ಭೀಕರವಾಗಿ ಕಾಣುತ್ತದೆ ಎಂಬುದು ಒಂದು ತೀವ್ರತೆ, ಕೊನೆಗೆ ಎಷ್ಟು ದೃಷ್ಟಿ ಮರಳುತ್ತದೆ ಎಂಬುದು ಇನ್ನೊಂದು. ಜೀನ್ ಇವೆರಡನ್ನೂ ಒಂದೇ ದಿಕ್ಕಿಗೆ ಎಳೆಯುವುದಿಲ್ಲ. ಹಾಗೆಂದು ಎಕ್ಸೋ-ಯುವನ್ನು ಹಗುರವಾಗಿ ಕಾಣುವಂತೆಯೂ ಇಲ್ಲ. ಅದೇ ಪ್ರಯೋಗದ ಸೈಟೊಟಾಕ್ಸಿಕ್ ತಳಿಗಳು ಫ್ಲೋರೊಕ್ವಿನೊಲೋನ್ ಗುಂಪಿನ ಔಷಧಗಳಿಗೆ, ಅಂದರೆ ನಮ್ಮಲ್ಲಿ ಕಣ್ಣಿಗೆ ಮೊದಲು ಬರೆಯುವ ಹನಿಗಳಿಗೇ, ಹೆಚ್ಚು ಜಗ್ಗದವಾಗಿದ್ದವು. ಆದ್ದರಿಂದ ನನ್ನ ಅಭಿಪ್ರಾಯದಲ್ಲಿ ಜೀನ್ ಪರೀಕ್ಷೆ ಸೆನ್ಸಿಟಿವಿಟಿ ರಿಪೋರ್ಟಿಗೆ ಬದಲಿಯಲ್ಲ, ಅದರ ಪಕ್ಕದಲ್ಲಿಟ್ಟು ಓದಬೇಕಾದ ಇನ್ನೊಂದು ಸಾಲು. ಯಾವ ಜೀನ್ ಎಂದು ಕೇಳಿ ಮನೆಯಲ್ಲೇ ಹನಿ ನಿಲ್ಲಿಸುವುದಾಗಲಿ ಬದಲಿಸುವುದಾಗಲಿ ಸಲ್ಲದು.

ಹಂತ 7: ಬೇಕಾದರೆ ಪೂರ್ತಿ ಜೀನೋಮ್

ಒಬ್ಬ ರೋಗಿಗೆ ಇದು ದುಬಾರಿ ಕುತೂಹಲ. ಆದರೆ ಹಲವರಿಗೆ ಒಟ್ಟಿಗೆ ಸೋಂಕಾದಾಗ ಇದಕ್ಕಿಂತ ದೊಡ್ಡ ಸಾಕ್ಷಿಯಿಲ್ಲ. ಅಮೆರಿಕದಲ್ಲಿ 2022–23ರಲ್ಲಿ ಬಹುಪಾಲು ಔಷಧಗಳಿಗೆ ಮಣಿಯದ ಸೂಡೊಮೊನಾಸ್ ಅಲ್ಲಲ್ಲಿ ಕಾಣಿಸಿಕೊಂಡಿತು. 2023ರ ಮೇ ಹೊತ್ತಿಗೆ 18 ರಾಜ್ಯಗಳಲ್ಲಿ 81 ಮಂದಿಗೆ ಸೋಂಕು, 14 ಮಂದಿಗೆ ದೃಷ್ಟಿ ಹಾನಿ, ನಾಲ್ವರ ಕಣ್ಣುಗುಡ್ಡೆಯನ್ನೇ ತೆಗೆಯಬೇಕಾಯಿತು, ನಾಲ್ವರು ತೀರಿಕೊಂಡರು. ಊರು ಬೇರೆ, ಆಸ್ಪತ್ರೆ ಬೇರೆ, ಆದರೂ ಜೀನೋಮ್ ಓದಿದಾಗ ತಳಿ ಒಂದೇ ಎಂದು ತಿಳಿಯಿತು. ಕೃತಕ ಕಣ್ಣೀರಿನ ಹನಿಯ ತೆರೆದ ಬಾಟಲಿಗಳಲ್ಲೂ ಅದೇ ತಳಿ ಸಿಕ್ಕಿತು. ಆ ಹನಿ ಚೆನ್ನೈ ಕಡೆಯ ಕಾರ್ಖಾನೆಯೊಂದರಲ್ಲಿ ತಯಾರಾಗಿ ಅಲ್ಲಿಗೆ ಹೋಗಿತ್ತು. ಆ ವರ್ಷ ಫೆಬ್ರುವರಿಯಲ್ಲಿ ಅದನ್ನು ಮಾರುಕಟ್ಟೆಯಿಂದ ವಾಪಸ್ ಪಡೆದರು.

ಇಂಥ ಹೋಲಿಕೆ ಸಾಧ್ಯವಾಗಬೇಕಾದರೆ ಬ್ಯಾಕ್ಟೀರಿಯಾ ಕೈಯಲ್ಲಿರಬೇಕು. ಲ್ಯಾಬಿನವರು ರಿಪೋರ್ಟ್ ಕೊಟ್ಟ ಮೇಲೆ ಪ್ಲೇಟನ್ನು ಆಟೋಕ್ಲೇವ್ ಮಾಡಿ (ಬಿಸಿ ಹಬೆಯಲ್ಲಿ ರೋಗಾಣು ಕೊಂದು) ಎಸೆಯುವ ಮೊದಲು ಒಂದು ಕಾಲೊನಿಯನ್ನು ಗ್ಲಿಸರಾಲ್ ಬೆರೆಸಿದ ದ್ರವದಲ್ಲಿ ಹಾಕಿ ಮೈನಸ್ 80 ಡಿಗ್ರಿಯಲ್ಲಿ ಇಟ್ಟುಕೊಳ್ಳಬೇಕು. ಟ್ಯೂಬಿನ ಮೇಲೆ ರೋಗಿಯ ಹೆಸರು ಬೇಡ, ಲ್ಯಾಬ್ ನಂಬರ್, ತಾರೀಖು, ಯಾವ ಕಣ್ಣು ಎಂಬುದಿದ್ದರೆ ಸಾಕು. ಮಾರ್ಕರ್ ಪೆನ್ನಿನ ಬರಹ ಫ್ರೀಜರಿನ ಇಬ್ಬನಿಗೆ ಅಳಿಸಿಹೋಗುತ್ತದೆ, ಚಳಿಗೆ ಬಿಡದ ಅಂಟಿನ ಲೇಬಲ್ ಹಚ್ಚಿ.